ವಂಶಪಾರಂಪರ್ಯ ಕೊಲೆಸ್ಟ್ರಾಲ್: ಪುತ್ತೂರು, ಸುಳ್ಯ, ಕಡಬದವರಿಗೆ ಇರುವ ಚಿಕಿತ್ಸೆಗಳು

ಕೊಲೆಸ್ಟ್ರಾಲ್ ಎಂದರೆ ಸ್ಥೂಲಕಾಯದವರ, ಕುಳಿತು ಉಣ್ಣುವವರ ಕಾಯಿಲೆ ಎಂಬ ನಂಬಿಕೆ ವ್ಯಾಪಕವಾಗಿದೆ. ಆದರೆ ದಿನವಿಡೀ ಅಡಿಕೆ ತೋಟದಲ್ಲಿಯೋ ರಬ್ಬರ್ ತೋಟದಲ್ಲಿಯೋ ದುಡಿಯುವ, ಮೈಯಲ್ಲಿ ಬೊಜ್ಜಿಲ್ಲದ, ಬೀಡಿ-ಮದ್ಯದ ಚಟವೂ ಇಲ್ಲದ ವ್ಯಕ್ತಿಯ ರಕ್ತದಲ್ಲಿಯೂ ಕೊಲೆಸ್ಟ್ರಾಲ್ ಹುಟ್ಟಿನಿಂದಲೇ ಮಿತಿ ಮೀರಿರಬಹುದು. ಇಂಥವರಲ್ಲಿ ದೋಷವಿರುವುದು ಊಟದ ಬಟ್ಟಲಿನಲ್ಲಲ್ಲ. ತಂದೆಯಿಂದ ಅಥವಾ ತಾಯಿಯಿಂದ ಬಂದ ವಂಶವಾಹಿಯಲ್ಲಿ.

ವೈದ್ಯಶಾಸ್ತ್ರ ಇದನ್ನು ‘ಫೆಮಿಲಿಯಲ್ ಹೈಪರ್‌ಕೊಲೆಸ್ಟರೊಲೀಮಿಯಾ’ ಅಥವಾ ಸಂಕ್ಷಿಪ್ತವಾಗಿ ಎಫ್‌ಎಚ್ ಎಂದು ಕರೆಯುತ್ತದೆ. ಜಗತ್ತಿನಲ್ಲಿ ಸುಮಾರು 250 ಮಂದಿಗೆ ಒಬ್ಬರಲ್ಲಿ ಇದು ಇರುವುದೆಂದು ಅಂದಾಜು. 2011ರ ಜನಗಣತಿಯಂತೆ ಆಗಿನ ಪುತ್ತೂರು ಮತ್ತು ಸುಳ್ಯ ತಾಲೂಕುಗಳ ಒಟ್ಟು ಜನಸಂಖ್ಯೆ 4 ಲಕ್ಷಕ್ಕೂ ಅಧಿಕ. ಜಾಗತಿಕ ಪ್ರಮಾಣವನ್ನೇ ಇಲ್ಲಿಗೆ ಅನ್ವಯಿಸಿದರೆ, ಬಳಿಕ ರಚನೆಯಾದ ಕಡಬ ತಾಲೂಕೂ ಸೇರಿದಂತೆ ಈ ಭಾಗದಲ್ಲಿ 1,600ಕ್ಕೂ ಹೆಚ್ಚು ಮಂದಿ ಈ ದೋಷದೊಂದಿಗೆ ಬದುಕುತ್ತಿರಬೇಕು. ಇದು ಸಮೀಕ್ಷೆಯ ಅಂಕಿ-ಅಂಶವಲ್ಲ, ಕೇವಲ ಲೆಕ್ಕಾಚಾರ. ಆದರೆ ಇವರಲ್ಲಿ ಬಹುತೇಕರಿಗೆ ಬೇಕಾದ ಮುಖ್ಯ ಔಷಧ ತಾಲೂಕು ಕೇಂದ್ರದಲ್ಲಿಯೇ, ಅಲ್ಪ ಬೆಲೆಗೆ ದೊರೆಯುತ್ತದೆ ಎಂಬುದು ಗಮನಾರ್ಹ. ಕೊರತೆಯಿರುವುದು ಔಷಧಕ್ಕಲ್ಲ, ರೋಗಪತ್ತೆಗೆ.

ದೋಷ ಎಲ್ಲಿದೆ?

ರಕ್ತದಲ್ಲಿ ಸಂಚರಿಸುವ ‘ಕೆಟ್ಟ ಕೊಲೆಸ್ಟ್ರಾಲ್’ ಅರ್ಥಾತ್ ಎಲ್‌ಡಿಎಲ್ ಕಣಗಳನ್ನು ಹಿಡಿದು ಒಳಗೆಳೆದುಕೊಳ್ಳುವ ಗ್ರಾಹಕಗಳು ಯಕೃತ್ತಿನ ಜೀವಕೋಶಗಳ ಮೇಲಿರುತ್ತವೆ. ಈ ಗ್ರಾಹಕಗಳನ್ನು ಪತ್ತೆಹಚ್ಚಿ, ಎಫ್‌ಎಚ್‌ನ ಮೂಲವನ್ನು ವಿವರಿಸಿದ ಅಮೆರಿಕದ ವಿಜ್ಞಾನಿಗಳಾದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಎಫ್‌ಎಚ್ ಇರುವವರಲ್ಲಿ ಗ್ರಾಹಕಗಳ ಸುಮಾರು ಅರ್ಧ ಭಾಗ ಕೆಲಸ ಮಾಡುವುದಿಲ್ಲ. ಪರಿಣಾಮವಾಗಿ ಎಲ್‌ಡಿಎಲ್ ಇತರರಿಗಿಂತ ಎರಡು ಪಟ್ಟಿನಷ್ಟು ಏರಿ, ಎಳವೆಯಿಂದಲೇ ರಕ್ತನಾಳಗಳ ಒಳಗೋಡೆಯಲ್ಲಿ ಸಂಗ್ರಹವಾಗತೊಡಗುತ್ತದೆ. ಚಿಕಿತ್ಸೆ ಪಡೆಯದಿದ್ದಲ್ಲಿ ಪುರುಷರಲ್ಲಿ ಸುಮಾರು ಅರ್ಧದಷ್ಟು ಮಂದಿ 50ನೇ ವಯಸ್ಸಿನೊಳಗೆ, ಮಹಿಳೆಯರಲ್ಲಿ ಸುಮಾರು ಶೇ. 30ರಷ್ಟು ಮಂದಿ 60ರೊಳಗೆ ಹೃದ್ರೋಗಕ್ಕೆ ತುತ್ತಾಗುತ್ತಾರೆ.

ತಂದೆ-ತಾಯಿಯರಲ್ಲಿ ಒಬ್ಬರಿಗೆ ಈ ದೋಷವಿದ್ದರೆ ಪ್ರತಿ ಮಗುವಿಗೂ ಅದು ಬರುವ ಸಂಭವ ಶೇ. 50. ಗಂಡು-ಹೆಣ್ಣೆಂಬ ಭೇದವಿಲ್ಲ. ಇಬ್ಬರಿಗೂ ಇದ್ದರೆ ನಾಲ್ಕರಲ್ಲಿ ಒಂದು ಮಗುವಿಗೆ ಎರಡೂ ಕಡೆಯಿಂದ ದೋಷ ಬಂದು, ಎಲ್‌ಡಿಎಲ್ 400–500 ಮಿ.ಗ್ರಾಂ. ದಾಟುವ ಸಾಧ್ಯತೆಯಿದೆ. ಇಂಥ ಮಕ್ಕಳಲ್ಲಿ ಹದಿಹರೆಯದೊಳಗೇ ಹೃದಯಾಘಾತವಾಗಬಹುದು. ಈ ಉಗ್ರ ರೂಪ ಲಕ್ಷಾಂತರ ಮಂದಿಯಲ್ಲಿ ಒಬ್ಬರಿಗೆ ಬರುವಷ್ಟು ವಿರಳ. ಆದರೆ ಸೋದರಮಾವ, ಸೋದರತ್ತೆಯ ಮಕ್ಕಳ ನಡುವೆ ಮದುವೆ ನಡೆಯುವ ಕುಟುಂಬಗಳಲ್ಲಿ ಇದರ ಸಂಭವ ಹೆಚ್ಚು.

ಗುರುತಿಸುವುದು ಹೇಗೆ?

‘ಲಿಪಿಡ್ ಪ್ರೊಫೈಲ್’ ಎಂಬ ರಕ್ತಪರೀಕ್ಷೆಯೇ ಮೊದಲ ಹೆಜ್ಜೆ. ವಯಸ್ಕರಲ್ಲಿ ಎಲ್‌ಡಿಎಲ್ ಪ್ರತಿ ಡೆಸಿಲೀಟರ್‌ಗೆ 190 ಮಿ.ಗ್ರಾಂ., ಮಕ್ಕಳಲ್ಲಿ 160 ಮಿ.ಗ್ರಾಂ. ಮೀರಿದ್ದರೆ ಎಫ್‌ಎಚ್ ಇರಬಹುದೆಂದು ಶಂಕಿಸಬೇಕು. ಗಮನಿಸಬೇಕಾದ ಇತರ ಅಂಶಗಳು:

* ತಂದೆ, ಅಣ್ಣ-ತಮ್ಮಂದಿರು 55ರೊಳಗೆ, ತಾಯಿ, ಅಕ್ಕ-ತಂಗಿಯರು 60ರೊಳಗೆ ಹೃದಯಾಘಾತಕ್ಕೆ ಒಳಗಾಗಿರುವುದು.
* ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ದಪ್ಪವಾಗಿರುವುದು, ಬೆರಳ ಗೆಣ್ಣುಗಳ ಮೇಲೆ ಗಂಟುಗಳು ಮೂಡುವುದು.
* 45 ವರ್ಷದೊಳಗೇ ಕಣ್ಣಿನ ಕಪ್ಪು ಭಾಗದ ಅಂಚಿನಲ್ಲಿ ಬೂದು-ಬಿಳಿ ಉಂಗುರ ಕಾಣಿಸಿಕೊಳ್ಳುವುದು.

ಈ ಚಿಹ್ನೆಗಳಿಲ್ಲದವರಿಗೂ ಕಾಯಿಲೆ ಇರಬಹುದು. ಥೈರಾಯ್ಡ್ ಕೊರತೆ, ಮೂತ್ರಪಿಂಡ ಮತ್ತು ಯಕೃತ್ತಿನ ಕೆಲವು ಕಾಯಿಲೆಗಳಲ್ಲಿಯೂ ಕೊಲೆಸ್ಟ್ರಾಲ್ ಏರುವುದರಿಂದ ಮೊದಲು ಅವುಗಳನ್ನು ಪರೀಕ್ಷಿಸಿ ನಿವಾರಿಸಿಕೊಳ್ಳುವುದು ಕ್ರಮ. ವಂಶವಾಹಿ ಪರೀಕ್ಷೆ ರೋಗವನ್ನು ಖಚಿತಪಡಿಸುತ್ತದೆಯಾದರೂ ಚಿಕಿತ್ಸೆ ಆರಂಭಿಸಲು ಅದು ಅನಿವಾರ್ಯವಲ್ಲ.

ಸರಕಾರದ ಅಸಾಂಕ್ರಾಮಿಕ ರೋಗ ತಪಾಸಣಾ ಕಾರ್ಯಕ್ರಮದಲ್ಲಿ 30 ದಾಟಿದವರ ರಕ್ತದೊತ್ತಡ, ಮಧುಮೇಹ ಮತ್ತು ಮೂರು ಬಗೆಯ ಕ್ಯಾನ್ಸರ್‌ಗಳ ಪರೀಕ್ಷೆಗೆ ಆದ್ಯತೆ. ಬಿಪಿ, ಶುಗರ್ ಸರಿಯಿದೆ ಎಂದ ಮಾತ್ರಕ್ಕೆ ಕೊಲೆಸ್ಟ್ರಾಲ್ ಪರೀಕ್ಷೆಯೂ ಆಯಿತೆಂದು ಭಾವಿಸುವಂತಿಲ್ಲ. ಭಾರತೀಯ ಹೃದ್ರೋಗ ತಜ್ಞರ ಸಂಘ 2024ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ ಮೊದಲ ಲಿಪಿಡ್ ಪರೀಕ್ಷೆ 18ನೇ ವಯಸ್ಸಿನಲ್ಲಿ ಆಗಬೇಕು. ಕುಟುಂಬದಲ್ಲಿ ಎಫ್‌ಎಚ್ ಅಥವಾ ಅಕಾಲಿಕ ಹೃದ್ರೋಗವಿದ್ದರೆ ಇನ್ನೂ ಮೊದಲೇ.

ಪಥ್ಯ ಎಷ್ಟು ಉಪಯುಕ್ತ?

ತೆಂಗಿನಕಾಯಿ ಅರೆಯದೆ ಪದಾರ್ಥವೇ ಆಗದ ಊರಿನಲ್ಲಿ ಕೊಲೆಸ್ಟ್ರಾಲ್ ಎಂದೊಡನೆ ಮೊದಲ ಆರೋಪ ತೆಂಗಿನ ಮೇಲೆಯೇ. ತೆಂಗಿನೆಣ್ಣೆಯಲ್ಲಿ ಸಂತೃಪ್ತ ಕೊಬ್ಬಿನ ಪಾಲು ಅಧಿಕವಾದುದರಿಂದ ಅದನ್ನು ಮಿತಗೊಳಿಸಬೇಕೆಂಬ ಸಲಹೆ ಸರಿಯೇ. ತುಪ್ಪ, ಕರಿದ ತಿಂಡಿ, ಕೊಬ್ಬಿನ ಮಾಂಸಕ್ಕೂ ಇದು ಅನ್ವಯ. ಸೊಪ್ಪು, ತರಕಾರಿ, ಹೆಸರು, ಹುರುಳಿಯಂಥ ಕಾಳುಗಳು, ಎಣ್ಣೆಯಲ್ಲಿ ಕರಿಯದ ಬೂತಾಯಿ, ಬಂಗುಡೆ ಹಿತಕರ. ಧೂಮಪಾನ ಸಂಪೂರ್ಣ ವರ್ಜ್ಯ.

ಆದರೆ ಎಫ್‌ಎಚ್ ಇರುವವರಲ್ಲಿ ಪಥ್ಯದಿಂದ ಇಳಿಯುವ ಎಲ್‌ಡಿಎಲ್ ಪ್ರಮಾಣ ಬಹಳ ಕಡಿಮೆ, ಸಾಮಾನ್ಯವಾಗಿ ಶೇ. 10–15ರ ಆಸುಪಾಸು. 260 ಇದ್ದದ್ದು 230ಕ್ಕೆ ಇಳಿದರೆ ಅಪಾಯ ತಪ್ಪಿತೆನ್ನುವಂತಿಲ್ಲ. ಕಷಾಯ, ಬೆಳ್ಳುಳ್ಳಿ, ಪುನರ್ಪುಳಿಯ ಸಾರನ್ನು ನೆಚ್ಚಿ ಮಾತ್ರೆ ಬಿಡುವುದು ಅಪಾಯಕ್ಕೆ ಆಹ್ವಾನ.

ಮಾತ್ರೆಗಳು

ಚಿಕಿತ್ಸೆಯ ಬುನಾದಿ ಸ್ಟ್ಯಾಟಿನ್ ವರ್ಗದ ಔಷಧ. ಜಪಾನಿನ ಅಕಿರಾ ಎಂಡೊ 1970ರ ದಶಕದಲ್ಲಿ ಬೂಷ್ಟಿನಿಂದ ಈ ವರ್ಗದ ಮೊದಲ ವಸ್ತುವನ್ನು ಬೇರ್ಪಡಿಸಿದರು. 1987ರಲ್ಲಿ ಲೊವಾಸ್ಟ್ಯಾಟಿನ್ ಅಮೆರಿಕದ ಮಾರುಕಟ್ಟೆಗೆ ಬಂತು. ಇಂದು ಅಟೊರ್ವಾಸ್ಟ್ಯಾಟಿನ್ ಮತ್ತು ರೊಸುವಾಸ್ಟ್ಯಾಟಿನ್ ಹೆಚ್ಚು ಬಳಕೆಯಲ್ಲಿವೆ. ಯಕೃತ್ತು ಕೊಲೆಸ್ಟ್ರಾಲ್ ತಯಾರಿಸುವುದನ್ನು ಇವು ತಡೆಯುತ್ತವೆ. ಆಗ ಯಕೃತ್ತು ಹೆಚ್ಚು ಗ್ರಾಹಕಗಳನ್ನು ಹೊರತಂದು ರಕ್ತದಲ್ಲಿರುವ ಎಲ್‌ಡಿಎಲ್ ಅನ್ನು ಸೆಳೆದುಕೊಳ್ಳುತ್ತದೆ. ಹೆಚ್ಚಿನ ಪ್ರಮಾಣದ ಸ್ಟ್ಯಾಟಿನ್ ಎಲ್‌ಡಿಎಲ್ ಅನ್ನು ಅರ್ಧದಷ್ಟು ಇಳಿಸಬಲ್ಲದು.

ಅದು ಸಾಲದಿದ್ದರೆ ಎಜೆಟಿಮೈಬ್ ಸೇರಿಸಲಾಗುತ್ತದೆ. ಕರುಳು ಕೊಲೆಸ್ಟ್ರಾಲ್ ಹೀರುವುದನ್ನು ತಡೆಯುವ ಈ ಮಾತ್ರೆ ಎಲ್‌ಡಿಎಲ್ ಅನ್ನು ಮತ್ತೆ ಶೇ. 20ರಷ್ಟು ತಗ್ಗಿಸುತ್ತದೆ. ಸ್ಟ್ಯಾಟಿನ್ ಸಹಿಸಲಾಗದವರಿಗೆ ಬೆಂಪೆಡೊಯಿಕ್ ಆಮ್ಲದ ಮಾತ್ರೆ ಇನ್ನೊಂದು ಆಯ್ಕೆ.

ಉದಾಹರಣೆಗೆ, 260 ಇದ್ದ ಎಲ್‌ಡಿಎಲ್ ಸ್ಟ್ಯಾಟಿನ್‌ನಿಂದ ಸುಮಾರು 130ಕ್ಕೆ, ಎಜೆಟಿಮೈಬ್ ಸೇರಿದಾಗ 105ರ ಸಮೀಪಕ್ಕೆ ಇಳಿಯಬಹುದು. ಎಫ್‌ಎಚ್ ಇರುವ, ಇನ್ನೂ ಹೃದ್ರೋಗ ಬಾರದವರಿಗೆ 70ಕ್ಕಿಂತ ಕಡಿಮೆ, ಹೃದ್ರೋಗ ಬಂದವರಿಗೆ 55ಕ್ಕಿಂತ ಕಡಿಮೆ ಎಂಬುದು ತಜ್ಞರು ಸೂಚಿಸುವ ಗುರಿ.

ಸ್ಟ್ಯಾಟಿನ್‌ನಿಂದ ಕೆಲವರಿಗೆ ಸ್ನಾಯುನೋವು, ಯಕೃತ್ತಿನ ಕಿಣ್ವಗಳಲ್ಲಿ ಏರಿಕೆ ಕಂಡುಬರಬಹುದು. ಸಕ್ಕರೆಯಂಶ ತುಸು ಏರುವುದೂ ಉಂಟು. ಆಗ ವೈದ್ಯರು ಪ್ರಮಾಣ ಇಳಿಸಬಹುದು ಅಥವಾ ಬೇರೆ ಸ್ಟ್ಯಾಟಿನ್ ನೀಡಬಹುದು. ವರದಿಯಲ್ಲಿ ಸಂಖ್ಯೆ ‘ನಾರ್ಮಲ್’ ಎಂದು ಬಂದಾಗ ಮಾತ್ರೆ ನಿಲ್ಲಿಸುವುದೇ ಸಾಮಾನ್ಯವಾದ, ಅಪಾಯಕಾರಿಯಾದ ತಪ್ಪು. ಆ ಸಂಖ್ಯೆ ಮಾತ್ರೆಯಿಂದ ಬಂದದ್ದು. ಮಾತ್ರೆ ನಿಂತ ಕೆಲವೇ ವಾರಗಳಲ್ಲಿ ಅದು ಹಳೆಯ ಮಟ್ಟಕ್ಕೆ ಮರಳುತ್ತದೆ.

ಚುಚ್ಚುಮದ್ದು ಮತ್ತು ಉನ್ನತ ಚಿಕಿತ್ಸೆ

ಮಾತ್ರೆಗಳಿಂದ ಗುರಿ ಮುಟ್ಟದವರಿಗೆ ಪಿಸಿಎಸ್‌ಕೆ9 ಎಂಬ ಪ್ರೋಟೀನನ್ನು ತಡೆಯುವ ಚುಚ್ಚುಮದ್ದುಗಳಿವೆ. ಇವೊಲೊಕುಮಾಬ್, ಅಲಿರೊಕುಮಾಬ್‌ಗಳನ್ನು ಸಾಮಾನ್ಯವಾಗಿ ಎರಡು ವಾರಕ್ಕೊಮ್ಮೆ ಚರ್ಮದಡಿ ಚುಚ್ಚಲಾಗುತ್ತದೆ. ಇನ್‌ಕ್ಲಿಸಿರಾನ್ ಅನ್ನು ಮೊದಲ ಡೋಸಿನ ಮೂರು ತಿಂಗಳ ಬಳಿಕ ಮತ್ತೊಮ್ಮೆ, ಅನಂತರ ಆರು ತಿಂಗಳಿಗೊಮ್ಮೆ ನೀಡಿದರೆ ಸಾಕು. ಇವು ಎಲ್‌ಡಿಎಲ್ ಅನ್ನು ಇನ್ನೂ ಅರ್ಧದಷ್ಟು ಇಳಿಸುತ್ತವೆ. ಆದರೆ ವರ್ಷದ ಖರ್ಚು ಲಕ್ಷ ರೂಪಾಯಿ ಮೀರಬಹುದಾದ್ದರಿಂದ ಸಾಮಾನ್ಯ ಕೃಷಿಕನಿಗೆ ದುಬಾರಿ. ಆದ್ದರಿಂದಲೇ ಮಾತ್ರೆಗಳನ್ನು ಪೂರ್ಣ ಪ್ರಮಾಣದಲ್ಲಿ, ತಪ್ಪದೆ ಸೇವಿಸಿ ನೋಡಿದ ಮೇಲಷ್ಟೇ ಈ ಮಾತು.

ಎರಡೂ ಕಡೆಯಿಂದ ದೋಷ ಬಂದ ಮಕ್ಕಳಿಗೆ ಇಷ್ಟು ಸಾಲದು. ಡಯಾಲಿಸಿಸ್ ಮಾದರಿಯಲ್ಲಿ ಯಂತ್ರದ ಮೂಲಕ ರಕ್ತದಿಂದ ಎಲ್‌ಡಿಎಲ್ ಸೋಸಿ ತೆಗೆಯುವ ‘ಅಫೆರೆಸಿಸ್’, ಲೊಮಿಟಪೈಡ್, ಇವಿನಾಕುಮಾಬ್ ಔಷಧಗಳು, ಕೊನೆಗೆ ಯಕೃತ್ತಿನ ಕಸಿ ವೈದ್ಯಶಾಸ್ತ್ರದ ಮುಂದಿರುವ ದಾರಿಗಳು. ಇಂಥ ಮಕ್ಕಳನ್ನು ತಡಮಾಡದೆ ದೊಡ್ಡ ಆಸ್ಪತ್ರೆಯ ತಜ್ಞರಲ್ಲಿಗೆ ಕರೆದೊಯ್ಯಬೇಕು.

ಮಕ್ಕಳು ಮತ್ತು ಗರ್ಭಿಣಿಯರು

ಎಫ್‌ಎಚ್ ಖಚಿತವಾದ ಮಕ್ಕಳಿಗೆ 8ರಿಂದ 10ನೇ ವಯಸ್ಸಿನಲ್ಲಿ ಸ್ಟ್ಯಾಟಿನ್ ಆರಂಭಿಸುವುದು ಅಂಗೀಕೃತ ಕ್ರಮ. ಉಗ್ರ ರೂಪದಲ್ಲಿ ಇನ್ನೂ ಮೊದಲೇ. ಗರ್ಭ ಧರಿಸಲು ಬಯಸುವ ಮಹಿಳೆಯರು ಮೊದಲೇ ವೈದ್ಯರಿಗೆ ತಿಳಿಸಬೇಕು. ಗರ್ಭಾವಸ್ಥೆ ಮತ್ತು ಸ್ತನ್ಯಪಾನದ ಅವಧಿಯಲ್ಲಿ ಸಾಮಾನ್ಯವಾಗಿ ಸ್ಟ್ಯಾಟಿನ್ ನಿಲ್ಲಿಸಲಾಗುತ್ತದೆ.

ಎಲ್ಲಿಗೆ ಹೋಗಬೇಕು?

ಪುತ್ತೂರು, ಸುಳ್ಯದ ತಾಲೂಕು ಆಸ್ಪತ್ರೆಗಳು ಮತ್ತು ಕಡಬದ ಸಮುದಾಯ ಆರೋಗ್ಯ ಕೇಂದ್ರ ಮೊದಲ ಸಲಹೆಗೆ ಸೂಕ್ತ ತಾಣಗಳು. ಸುಳ್ಯದಲ್ಲಿ ಕೆ.ವಿ.ಜಿ. ವೈದ್ಯಕೀಯ ಕಾಲೇಜು ಆಸ್ಪತ್ರೆಯಿದೆ. ಹೃದ್ರೋಗ ತಜ್ಞರ ಸಲಹೆ ಬೇಕಾದಲ್ಲಿ ಮಂಗಳೂರಿನ ವೆನ್ಲಾಕ್ ಹಾಗೂ ವೈದ್ಯಕೀಯ ಕಾಲೇಜು ಆಸ್ಪತ್ರೆಗಳು; ಸುಳ್ಯ ಭಾಗದವರಿಗೆ ಮಡಿಕೇರಿ ಮಾರ್ಗವಾಗಿ ಮೈಸೂರಿನ ಜಯದೇವ ಹೃದ್ರೋಗ ಸಂಸ್ಥೆಯೂ ಉಂಟು. ಜನೌಷಧಿ ಕೇಂದ್ರಗಳಲ್ಲಿ ಸ್ಟ್ಯಾಟಿನ್ ಮಾತ್ರೆಗಳು ಕಂಪೆನಿ ಹೆಸರಿನ ಮಾತ್ರೆಗಳಿಗಿಂತ ಬಹಳ ಅಗ್ಗ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ತನಕ ನೆರವು ನೀಡುತ್ತದೆ. ಆದರೆ ಅದು ಮುಖ್ಯವಾಗಿ ಒಳರೋಗಿ ಚಿಕಿತ್ಸೆಗೆ, ಅಂದರೆ ಸ್ಟೆಂಟ್, ಬೈಪಾಸ್‌ನಂಥವಕ್ಕೆ. ಅವುಗಳನ್ನು ತಪ್ಪಿಸುವ ನಿತ್ಯದ ಮಾತ್ರೆಯ ಖರ್ಚು ರೋಗಿಯದೇ.

ಎದೆನೋವು ಬಂದಾಗ ಮಾತ್ರ ದೂರವೇ ಶತ್ರು. ಸುಳ್ಯದಿಂದ ಮಂಗಳೂರಿಗೆ 80 ಕಿ.ಮೀ.ಗೂ ಅಧಿಕ, ಸುಬ್ರಹ್ಮಣ್ಯದಿಂದ ಇನ್ನೂ ದೂರ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಆರಂಭಿಸಿದ ‘ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್ಸ್’ ಯೋಜನೆ ಗ್ರಾಮೀಣ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಒದಗಿಸಿ, ವಾಟ್ಸ್‌ಆ್ಯಪ್ ಮೂಲಕ ತಜ್ಞರ ಸಲಹೆ ದೊರೆಯುವಂತೆ ಮಾಡಿದೆ. ಹಾಸನ ಜಿಲ್ಲೆಯ ಹಠಾತ್ ಸಾವುಗಳು ಚರ್ಚೆಗೆ ಬಂದ 2025ರಲ್ಲಿ ರಾಜ್ಯ ಸರಕಾರ, ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ನೀಡುವ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯನ್ನು ಎಲ್ಲ ತಾಲೂಕು ಆಸ್ಪತ್ರೆಗಳಿಗೆ ವಿಸ್ತರಿಸುವುದಾಗಿ ಪ್ರಕಟಿಸಿತು. ಎದೆನೋವು ಕಂಡೊಡನೆ ಗ್ಯಾಸ್ಟ್ರಿಕ್ ಎಂದು ಕಾಯದೆ, ಸಮೀಪದ ಇಸಿಜಿ ಇರುವ ಕೇಂದ್ರ ತಲುಪುವುದು ಕ್ಷೇಮ.

ಒಬ್ಬರ ಪತ್ತೆ, ಕುಟುಂಬದ ರಕ್ಷೆ

ಒಬ್ಬರಿಗೆ ಎಫ್‌ಎಚ್ ಖಚಿತವಾದೊಡನೆ ಅವರ ತಂದೆ-ತಾಯಿ, ಒಡಹುಟ್ಟಿದವರು, ಮಕ್ಕಳು ಎಲ್ಲರೂ ಪರೀಕ್ಷೆಗೆ ಒಳಗಾಗಬೇಕು. ಅವರಲ್ಲಿ ದೋಷ ಕಂಡವರ ಮಕ್ಕಳನ್ನೂ ಪರೀಕ್ಷಿಸುತ್ತ ಹೋಗಬೇಕು. ನೂರಾರು ಮಂದಿಯಲ್ಲಿ ಹುಡುಕಿದರೆ ಸಿಗುವ ಒಂದು ಪ್ರಕರಣ, ಇಂಥ ಕುಟುಂಬದಲ್ಲಿ ಇಬ್ಬರನ್ನು ಪರೀಕ್ಷಿಸಿದರೆ ಸಿಗುವ ಸಂಭವವಿದೆ.

ಇಲ್ಲಿ ತುಳುನಾಡಿನವರು ಗಮನಿಸಬೇಕಾದ ಸಂಗತಿಯೊಂದಿದೆ. ಅಳಿಯಸಂತಾನದ ಕುಟುಂಬಗಳಲ್ಲಿ ವಂಶದ ಲೆಕ್ಕ ತಾಯಿಯ ಬಳಿಯನ್ನು ಅನುಸರಿಸುತ್ತದೆ. ಗೌಡ, ಹವ್ಯಕ ಮೊದಲಾದ ಸಮುದಾಯಗಳಲ್ಲಿ ತಂದೆಯ ಕಡೆಯನ್ನು. ವಂಶವಾಹಿಗೆ ಈ ಲೆಕ್ಕ ತಿಳಿಯದು. ತರವಾಡು ಮನೆಯ ಗಂಡಸಿನ ಮಕ್ಕಳು ಬೇರೆ ಬಳಿಗೆ ಸೇರಿದರೂ, ಮದುವೆಯಾಗಿ ಹೋದ ಹೆಣ್ಣುಮಗಳ ಮಕ್ಕಳು ಬೇರೆ ಗೋತ್ರಕ್ಕೆ ಸೇರಿದರೂ ದೋಷ ಅವರನ್ನು ಹಿಂಬಾಲಿಸಬಹುದು. ಆದ್ದರಿಂದ ಎರಡೂ ಕಡೆಯ ಬಂಧುಗಳಿಗೆ ತಿಳಿಸಬೇಕು. ಬೆಂಗಳೂರು, ಮುಂಬಯಿ, ಕೊಲ್ಲಿ ರಾಷ್ಟ್ರಗಳಲ್ಲಿ ನೆಲೆಸಿದವರಿಗೂ.

‘ನಮ್ಮ ಮನೆಯ ಗಂಡಸರಿಗೆ ಆಯುಷ್ಯ ಕಡಿಮೆ’ ಎಂದು ವಿಧಿಯನ್ನು ಹಳಿಯುವ ಕುಟುಂಬಗಳಲ್ಲಿ ಕೆಲವಕ್ಕಾದರೂ ಉತ್ತರ ಒಂದು ರಕ್ತಪರೀಕ್ಷೆಯಲ್ಲಿರಬಹುದು. ಎಲ್‌ಡಿಎಲ್ 190 ದಾಟಿದ ವರದಿ ಕೈಯಲ್ಲಿದ್ದವರು ಅದರೊಂದಿಗೆ ಕುಟುಂಬದಲ್ಲಿ ಹೃದ್ರೋಗ ಬಂದವರ ವಯಸ್ಸಿನ ಪಟ್ಟಿಯನ್ನೂ ವೈದ್ಯರ ಮುಂದಿಡುವುದು ಒಳಿತು. ಔಷಧದ ಆಯ್ಕೆ, ಪ್ರಮಾಣ ವೈದ್ಯರ ಸಲಹೆಯಂತೆಯೇ ಆಗಬೇಕು.