ಟೆನ್ಷನ್ ಯಾರಿಗೆ ಜಾಸ್ತಿ ಸ್ವಾಮಿ?

'ಟೆನ್ಷನ್ ತಗೋಬೇಡಿ.' ದಿನಕ್ಕೆ ಎಷ್ಟು ಸಲ ಈ ಮಾತು ಕೇಳ್ತೀವಿ ಹೇಳಿ. ಆಟೋದವರು ಹೇಳ್ತಾರೆ, ಡಾಕ್ಟರ್ ಹೇಳ್ತಾರೆ, ಸಾಲ ವಸೂಲಿಗೆ ಬಂದವನೂ ಹೇಳ್ತಾನೆ. ತಗೊಳ್ಳೋಕೆ, ಬಿಡೋಕೆ ಅದೇನು ಕಾಫಿಯೇ? ಈ ಟೆನ್ಷನ್ನಿಗೂ ಒಂದು ಚರಿತ್ರೆ ಇದೆ. ಅದರಲ್ಲಿ ಇಲಿಗಳಿವೆ, ಸಿಗರೇಟು ಕಂಪನಿಗಳಿವೆ, ಕೊನೆಗೆ ಸರ್ಕಾರಿ ಕಚೇರಿಯ ಜವಾನರೂ ಇದ್ದಾರೆ.

ಹಾನ್ಸ್ ಸೆಲ್ಯೆ ಎಂಬ ವಿಜ್ಞಾನಿ ಹುಟ್ಟಿದ್ದು 1907ರಲ್ಲಿ, ವಿಯೆನ್ನಾದಲ್ಲಿ. ಪ್ರಾಗ್‌ನಲ್ಲಿ ವೈದ್ಯಕೀಯ ಓದುವಾಗಲೇ ಅವನಿಗೊಂದು ವಿಷಯ ಕಾಡಿತ್ತು. ರೋಗಿಗಳ ಕಾಯಿಲೆ ಬೇರೆ ಬೇರೆ, ಆದರೆ ಎಲ್ಲರೂ ನೋಡೋಕೆ ಒಂದೇ ಥರ ಯಾಕಿದ್ದಾರೆ? ಹಸಿವಿಲ್ಲ, ಮೈಕೈ ನೋವು, ಬಾಡಿದ ಮುಖ. ಮುಂದೆ ಕೆನಡಾದ ಮಾಂಟ್ರಿಯಲ್‌ಗೆ ಹೋಗಿ, ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಹೊಸ ಹಾರ್ಮೋನು ಹುಡುಕುತ್ತಾ ಇಲಿಗಳಿಗೆ ಅಂಡಾಶಯದ ಸಾರ ಚುಚ್ಚಿದ. ಇಲಿಗಳ ಅಡ್ರಿನಲ್ ಗ್ರಂಥಿ ಊದಿತು, ಥೈಮಸ್ ಗ್ರಂಥಿ ಕುಗ್ಗಿತು, ಹೊಟ್ಟೆಯಲ್ಲಿ ಹುಣ್ಣಾಯಿತು. ಸಿಕ್ಕೇಬಿಡ್ತು ಹಾರ್ಮೋನು ಅಂತ ಕುಣಿದಾಡಿದ. ಅನುಮಾನಕ್ಕೆ ಫಾರ್ಮಲಿನ್ ಚುಚ್ಚಿ ನೋಡಿದರೆ, ಅದೇ ಊತ, ಅದೇ ಹುಣ್ಣು! ಚಳಿಯಲ್ಲಿಟ್ಟರೂ ಅದೇ, ಸುಸ್ತಾಗುವಷ್ಟು ಓಡಿಸಿದರೂ ಅದೇ. ನಮ್ಮಲ್ಲಿ ಗುಡ್ಡ ಅಗೆದು ಇಲಿ ಹಿಡಿದ ಅಂತಾರೆ. ಈ ಮನುಷ್ಯ ಇಲಿ ಹಿಡಿದು ಗುಡ್ಡ ತೋರಿಸಿದ. ಹೊಡೆತ ಯಾವುದೇ ಇರಲಿ, ದೇಹ ಕೊಡುವ ಉತ್ತರ ಒಂದೇ ಎಂದು 1936ರ ಜುಲೈಯಲ್ಲಿ 'ನೇಚರ್' ಪತ್ರಿಕೆಗೆ ಒಂದು ಪುಟ್ಟ ಪತ್ರ ಬರೆದ.

ಆ ಉತ್ತರಕ್ಕೆ ಮೂರು ಹಂತ ಅಂದ. ಮೊದಲು ಗಾಬರಿ, ಆಮೇಲೆ ತಡೆದುಕೊಳ್ಳುವುದು, ಕೊನೆಗೆ ಸೋಲುವುದು. ನನ್ನನ್ನು ಕೇಳಿದರೆ ನಡುವಿನ ಹಂತವೇ ಮೋಸದ್ದು. ನಿದ್ದೆ ಕೆಟ್ಟಿರುತ್ತೆ, ಹೊಟ್ಟೆ ಉರೀತಿರುತ್ತೆ, ಮಕ್ಕಳ ಮೇಲೆ ಸುಮ್ಮಸುಮ್ಮನೆ ರೇಗ್ತೀವಿ. ಯಾರಾದರೂ ಕೇಳಿದರೆ 'ಏನಿಲ್ಲಪ್ಪ, ಅಡ್ಜಸ್ಟ್ ಆಗಿಬಿಟ್ಟಿದೆ' ಅಂತೀವಿ.

ಇದಕ್ಕೆ ಸೆಲ್ಯೆ ಇಟ್ಟ ಹೆಸರು ಸ್ಟ್ರೆಸ್. ಎಂಜಿನಿಯರುಗಳಿಂದ ಎರವಲು ತಂದ ಪದ. ಅವರ ಲೆಕ್ಕದಲ್ಲಿ ಸೇತುವೆಯ ಮೇಲೆ ಬೀಳುವ ಒತ್ತಡ ಸ್ಟ್ರೆಸ್, ಅದರಿಂದ ತೊಲೆ ಬಾಗುವುದು ಸ್ಟ್ರೇನ್. ನನಗೆ ಇಂಗ್ಲಿಷ್ ಇನ್ನೂ ಚೆನ್ನಾಗಿ ಬರುತ್ತಿದ್ದರೆ ಸ್ಟ್ರೇನ್ ಅಂತಲೇ ಕರೀತಿದ್ದೆ ಎಂದು ಅವನೇ ಆಮೇಲೆ ಒಪ್ಪಿಕೊಂಡ. ಅಷ್ಟರಲ್ಲಿ ಪದ ಊರು ದಾಟಿತ್ತು. ಸಿಗರೇಟು ಕಂಪನಿಗಳಿಗಂತೂ ಹಬ್ಬ. ಹೃದಯ ಕೆಡಿಸೋದು ಹೊಗೆ ಅಲ್ಲ, ಟೆನ್ಷನ್ನು ಅನ್ನಬಹುದಲ್ಲ! ಸೆಲ್ಯೆಯ ಸಂಶೋಧನೆಗೆ ಅವರ ಹಣ ಬಂತು. 1969ರಲ್ಲಿ ಕೆನಡಾ ಸಂಸತ್ತಿನ ಸಮಿತಿಯ ಮುಂದೆ ಅವನು ಅವರಿಗೆ ಬೇಕಾದ ಹಾಗೆಯೇ ಸಾಕ್ಷಿ ಹೇಳಿದ. ಅಂಥಾ ದೊಡ್ಡ ಮನುಷ್ಯ, ಹೀಗೆ ಮಾಡಬಾರದಿತ್ತು.

ಅದೇ ಕಾಲದಲ್ಲಿ ಇನ್ನೊಂದು ನಂಬಿಕೆ ಬೇರೂರಿತ್ತು. ಟೆನ್ಷನ್ ಎಂದರೆ ದೊಡ್ಡವರ ಕಾಯಿಲೆ, ಹಾರ್ಟ್ ಅಟ್ಯಾಕ್ ಎಂದರೆ ಸಾಹೇಬರಿಗೆ. ಪಾಪ, ಎಷ್ಟೊಂದು ಜವಾಬ್ದಾರಿ ನೋಡಿ! ಇದನ್ನು ಬುಡಮೇಲು ಮಾಡಿದ್ದು ಲಂಡನ್ನಿನ ವೈಟ್‌ಹಾಲ್. ನಮ್ಮ ವಿಧಾನಸೌಧ, ಎಂ.ಎಸ್. ಬಿಲ್ಡಿಂಗ್ ಇದ್ದಹಾಗೆ ಅಲ್ಲಿ ಬ್ರಿಟನ್ ಸರ್ಕಾರದ ಕಚೇರಿಗಳಿವೆ. 1967ರಲ್ಲಿ ಶುರುವಾದ ಅಧ್ಯಯನ, 40ರಿಂದ 64 ವಯಸ್ಸಿನ 17 ಸಾವಿರಕ್ಕೂ ಹೆಚ್ಚು ಗಂಡಸು ನೌಕರರು. ಮೈಕೆಲ್ ಮಾರ್ಮಟ್ ಮತ್ತು ಜೊತೆಗಾರರು ಲೆಕ್ಕ ಹಾಕಿದರೆ, ಹೃದ್ರೋಗದ ಸಾವು ಮೇಲಧಿಕಾರಿಗಳಿಗಿಂತ ಕಟ್ಟಕಡೆಯ ದರ್ಜೆಯವರಲ್ಲಿ, ಅಂದರೆ ಫೈಲು ಹೊರುವ ಜವಾನರಂಥವರಲ್ಲಿ, ಮೂರು ಪಟ್ಟಿಗೂ ಹೆಚ್ಚು! ಬೀಡಿ ಸಿಗರೇಟು, ಬಿಪಿ, ಕೊಬ್ಬು ಎಲ್ಲವನ್ನೂ ಲೆಕ್ಕದಿಂದ ಕಳೆದರೂ ಅಂತರದ ದೊಡ್ಡ ಪಾಲು ಹಾಗೇ ಉಳಿಯಿತು. ಇವರೇನು ಹಸಿದವರಲ್ಲ, ಸರ್ಕಾರಿ ಸಂಬಳ ಇದ್ದವರು. ಮತ್ತೇನು ಕಾರಣ? 1985ರಲ್ಲಿ ಹೆಂಗಸರನ್ನೂ ಸೇರಿಸಿ 10 ಸಾವಿರಕ್ಕೂ ಹೆಚ್ಚು ಜನರ ಎರಡನೇ ಅಧ್ಯಯನ ಶುರುವಾಯಿತು. ಅದರಲ್ಲಿ ಸಿಕ್ಕ ಮುಖ್ಯ ಸುಳಿವು: ಮಾಡುವ ಕೆಲಸದ ಮೇಲೆ ತನಗೇ ಹಿಡಿತ ಇಲ್ಲದಿರುವುದು.

ಈಗ ಹೇಳಿ, ಆ ಜವಾನನಿಗೆ ಪ್ರಾಣಾಯಾಮ ಮಾಡಪ್ಪ ಅಂದರೆ ಸಾಕೇ? ಮಾಡಲಿ, ಒಳ್ಳೆಯದೇ. ವಾಕಿಂಗೂ ಹೋಗಲಿ. ಆದರೆ ಯಾವ ಹೊತ್ತಿಗೆ ಹೋಗೋದು ಅಂತ ತೀರ್ಮಾನಿಸೋರು ಯಾರು?

ನಮ್ಮ ಸ್ಟುಡಿಯೊದಲ್ಲೇ ನೋಡಿ. ರಾತ್ರಿ ಬುಲೆಟಿನ್‌ನಲ್ಲಿ ಗಂಟಲು ಹರಿಯುವ ಹಾಗೆ ಕೂಗೋನು ನಾನು. ಎಲ್ಲರೂ 'ಸಾರ್, ನಿಮಗೆಷ್ಟು ಟೆನ್ಷನ್' ಅಂತಾರೆ. ಬ್ರೇಕ್ ಯಾವಾಗ ಅಂತ ಹೇಳೋನೂ ನಾನೇ, ಚಹಾ ಬರೋದೂ ನನ್ನ ಮುಂದಕ್ಕೇ. ಪರದೆಯ ಕೆಳಗೆ ಓಡುವ ಸಾಲು ಟೈಪ್ ಮಾಡೋ ಹುಡುಗ ಮೂಲೆಯಲ್ಲಿರ್ತಾನೆ. ಒಂದಕ್ಷರ ತಪ್ಪಿದರೆ ಅವನಿಗೆ ಮೊದಲು ಬೈದೋನು ನಾನೇ. ಇದನ್ನೆಲ್ಲ ಓದಿದ ಮೇಲೆ ಒಂದು ದಿನ ಅವನ ಪಕ್ಕ ಕೂತು, ನಿನಗೆ ಏನಾದರೆ ಸಲೀಸು ಅಂತ ಕೇಳಿದೆ. ಸಂಬಳ ಕೇಳ್ತಾನೆ ಅಂದುಕೊಂಡಿದ್ದೆ.

'ನಾಳೆ ಯಾವ ಶಿಫ್ಟ್ ಅಂತ ಇವತ್ತು ಬೆಳಿಗ್ಗೆನೇ ಗೊತ್ತಾದ್ರೆ ಸಾಕು ಸಾರ್. ರಾತ್ರಿ ಹನ್ನೊಂದಕ್ಕೆ ವಾಟ್ಸಾಪ್ ಬರುತ್ತೆ, ಅಲ್ಲೀವರೆಗೂ ನಿದ್ದೆ ಬರಲ್ಲ' ಅಂದ.

ಈಗ ನಮ್ಮಲ್ಲಿ ವಾರದ ಶಿಫ್ಟ್ ಪಟ್ಟಿಯನ್ನು ಶನಿವಾರವೇ ಗೋಡೆಗೆ ಅಂಟಿಸ್ತಾರೆ.