ರಟ್ಲೆಂಡಿನ ಚಿತ್ರನೆಲ

ಪ್ರಾಚೀನ ಚಿತ್ರವೊಂದರಲ್ಲಿರುವವರು ಯಾರೆಂದು ಹೇಳಿದೊಡನೆ ಸಂಶೋಧಕನ ಕಾರ್ಯ ಮುಗಿಯಿತೆಂದು ಅನೇಕರು ಭಾವಿಸುವುದುಂಟು. ಹೆಸರುಗಳು ತಿಳಿದ ಮೇಲೂ ಕಥೆ ಯಾವ ಕವಿಯದೆಂಬ ಪ್ರಶ್ನೆ ಉಳಿಯುತ್ತದೆ. ಇದಕ್ಕೆ ಇಂಗ್ಲೆಂಡಿನ ರಟ್ಲೆಂಡ್ ಪ್ರಾಂತದಲ್ಲಿ ದೊರೆತ ಚಿತ್ರನೆಲವೊಂದು ಉತ್ತಮ ನಿದರ್ಶನವಾಗಿದೆ.

ಕ್ರಿ. ಶ. ೨೦೨೦ರಲ್ಲಿ ಕೆಟನ್ ಗ್ರಾಮದ ಬಳಿ ಹೊಲವೊಂದರಲ್ಲಿ ಇದು ಕಂಡುಬಂದಿತು. ಲೆಸ್ಟರ್ ವಿಶ್ವವಿದ್ಯಾನಿಲಯದ ಪುರಾತತ್ತ್ವಜ್ಞರು ಅಗೆದು ನೋಡಲಾಗಿ, ಅದು ೩ನೆಯ ಮತ್ತು ೪ನೆಯ ಶತಮಾನಗಳ ರೋಮನ್ ಭವನವೊಂದರ ನೆಲವೆಂದು ತಿಳಿದುಬಂದಿತು. ಬಣ್ಣಬಣ್ಣದ ಸಣ್ಣ ಕಲ್ಲುಗಳನ್ನು ಜೋಡಿಸಿ ರಚಿಸಿದ ಈ ನೆಲದ ಉದ್ದ ಸುಮಾರು ೧೧ ಮೀಟರು, ಅಗಲ ಸುಮಾರು ೭ ಮೀಟರು.

ಇದರಲ್ಲಿ ಮೂರು ದೃಶ್ಯಗಳಿವೆ. ಮೊದಲನೆಯದರಲ್ಲಿ ರಥಿಕರಿಬ್ಬರ ದ್ವಂದ್ವ. ಎರಡನೆಯದರಲ್ಲಿ ರಥಕ್ಕೆ ಕಟ್ಟಿ ಎಳೆಯುತ್ತಿರುವ ಶವ. ಮೂರನೆಯದರಲ್ಲಿ ತಕ್ಕಡಿಯ ಒಂದು ತಟ್ಟೆಯಲ್ಲಿ ಶವ, ಇನ್ನೊಂದರಲ್ಲಿ ಚಿನ್ನ. ಎರಡನೆಯ ದೃಶ್ಯವೇ ಗುರುತಿನ ಕೀಲಿಕೈ. ಸತ್ತ ವೈರಿಯನ್ನು ರಥದ ಹಿಂದೆ ಎಳೆಸಿದ ಗ್ರೀಕ್ ವೀರನೆಂದರೆ ಅಕಿಲೀಸನು. ಹಾಗೆ ಎಳೆಯಲ್ಪಟ್ಟವನು ಟ್ರಾಯ್ ನಗರದ ಹೆಕ್ಟರನು. ಆದುದರಿಂದ ಚಿನ್ನ ತೆತ್ತು ಶವವನ್ನು ಬಿಡಿಸಿಕೊಳ್ಳುವವನು ಹೆಕ್ಟರನ ತಂದೆ, ವೃದ್ಧರಾಜ ಪ್ರಿಯಮನು.

೨೦೨೧ರಲ್ಲಿ ಈ ಶೋಧವು ಪ್ರಕಟವಾದಾಗ ಇದನ್ನು ಹೋಮರನ ‘ಇಲಿಯಡ್’ ಕಾವ್ಯದ ಚಿತ್ರವೆಂದೇ ಕರೆದರು. ಆದರೆ ಕಾವ್ಯದೊಡನೆ ಹೋಲಿಸಿದರೆ ಭೇದಗಳು ಕಾಣುತ್ತವೆ. ಹೋಮರನಲ್ಲಿ ಕೊನೆಯ ದ್ವಂದ್ವ ನಡೆಯುವುದು ನೆಲದ ಮೇಲೆ, ರಥಗಳಲ್ಲಲ್ಲ. ಹೆಕ್ಟರನನ್ನು ಅವನ ತೂಕದ ಚಿನ್ನಕ್ಕೂ ಬಿಟ್ಟುಕೊಡೆನೆಂಬುದು ಅಲ್ಲಿ ಅಕಿಲೀಸನ ಕೋಪದ ನುಡಿ ಮಾತ್ರ. ಮುಂದೆ ಪ್ರಿಯಮನು ಕಾಣಿಕೆಗಳನ್ನು ತಂದು ಬೇಡಿದಾಗ ತಕ್ಕಡಿಯ ಪ್ರಸ್ತಾಪವೇ ಇಲ್ಲ.

ಆ ನುಡಿಯನ್ನು ರಂಗದ ಮೇಲೆ ಕ್ರಿಯೆಯಾಗಿಸಿದವನು ಈಸ್ಕಿಲಸ್ ಕವಿ, ಬಿ. ಎಂ. ಶ್ರೀಕಂಠಯ್ಯನವರ ‘ಪಾರಸಿಕರು’ ನಾಟಕದ ಮೂಲಕ ಕನ್ನಡಿಗರಿಗೆ ಪರಿಚಿತನಾದವನು. ಅವನ ‘ಫ್ರಿಜಿಯನರು’ ಎಂಬ ನಾಟಕವು ನಷ್ಟವಾಗಿದೆ. ಆದರೂ ಅದರಲ್ಲಿ ಶವವನ್ನು ನಿಜವಾಗಿಯೇ ತೂಗಲಾಗಿತ್ತೆಂದು ‘ಇಲಿಯಡ್’ನ ಪ್ರಾಚೀನ ವ್ಯಾಖ್ಯಾನಗಳು ತಿಳಿಸುತ್ತವೆ. ರಟ್ಲೆಂಡಿನ ನೆಲವು ಈ ಕಥಾಪರಂಪರೆಗೆ ಸೇರಿದುದೆಂದು ಲೆಸ್ಟರಿನ ವಿದ್ವಾಂಸರು ೨೦೨೫ರಲ್ಲಿ ಪ್ರತಿಪಾದಿಸಿದರು. ಗ್ರೀಕ್ ಕುಂಭಗಳಂಥ ಹಳೆಯ ಕಲಾಕೃತಿಗಳ ಮಾದರಿಗಳೂ ಇದರಲ್ಲಿ ಉಳಿದಿವೆಯೆಂದು ಅವರು ತೋರಿಸಿದ್ದಾರೆ.

ಇಷ್ಟರಿಂದ ಆ ಶಿಲ್ಪಿಯು ಈಸ್ಕಿಲಸನ ನಾಟಕವನ್ನು ಓದಿದ್ದನೆಂದು ಹೇಳಲಾಗದು. ಚಿತ್ರದ ಮಾದರಿಗಳು ಕೈಯಿಂದ ಕೈಗೆ ಸಾಗಿ ಬಂದಿರಬಹುದು. ಆದರೆ ಉಳಿದುಬಂದ ಮಹಾಕಾವ್ಯವೊಂದೇ ಪ್ರಾಚೀನರು ಬಲ್ಲ ಕಥೆಯೆಂದು ಭಾವಿಸುವುದು ಸರಿಯಲ್ಲ. ಗ್ರಂಥವು ಅಳಿದ ಮೇಲೂ ಅದರ ಕಥೆಯು ಸಾಮ್ರಾಜ್ಯದ ಅಂಚಿನ ಮನೆಯೊಂದರ ನೆಲದಲ್ಲಿ ಉಳಿದಿತ್ತು.