ಕೊನೇ ಕಂಬದ ಕರೆಂಟು

ಹೈಸ್ಕೂಲಿನ ವಿಜ್ಞಾನದ ಪುಸ್ತಕದಲ್ಲಿ ಓಮ್‌ನ ನಿಯಮ ಎರಡು ಪುಟದಲ್ಲಿ ಮುಗಿದುಹೋಗುತ್ತದೆ. ವಿಭವಾಂತರ ಅಂದರೆ ಪ್ರವಾಹ ಗುಣಿಸು ರೋಧ. ವಿ ಈಕ್ವಲ್ಸ್ ಐ ಆರ್. ಪಕ್ಕದಲ್ಲಿ ಒಂದು ಚಿತ್ರ: ಬ್ಯಾಟರಿ, ಸ್ವಿಚ್ಚು, ಅಂಕುಡೊಂಕಾದ ಒಂದು ಗೆರೆ. ಆ ಗೆರೆಯೇ ರೋಧ. ಬ್ಯಾಟರಿಯಿಂದ ಅಲ್ಲಿಗೆ ಹೋಗೋ ತಂತಿಗೆ ರೋಧವೇ ಇಲ್ಲ ಅನ್ನೋ ಲೆಕ್ಕ. ಎರಡು ಮಾರ್ಕಿಗೆ ಅಷ್ಟು ಸಾಕು. ಆದರೆ ಈ ನಿಯಮ ಹುಟ್ಟಿದ್ದೇ ಆ ತಂತಿಯಿಂದ. ನಮ್ಮ ರಾಜ್ಯಕ್ಕೆ ಕರೆಂಟು ಬಂದ ಚರಿತ್ರೆಯೂ ಬಹುಪಾಲು ಆ ತಂತಿಯ ಚರಿತ್ರೆಯೇ.

ನಾನು ಬೆಳೆದದ್ದು ಬೇಲೂರು ತಾಲ್ಲೂಕಿನ ಅರೇಹಳ್ಳಿ ಕಡೆ. ಕಾಫಿ ತೋಟ, ಸಿಲ್ವರ್ ಮರ, ಜೂನ್ ಹಿಡಿದರೆ ಬಿಡದ ಮಳೆ. ಟೀಸಿ ಇದ್ದದ್ದು ಮೇನ್ ರೋಡಿನಲ್ಲಿ (ಟ್ರಾನ್ಸ್‌ಫಾರ್ಮರ್ ಅಂತ ನಮ್ಮ ಕಡೆ ಯಾರೂ ಹೇಳಲ್ಲ, ಟೀಸಿ ಅಂತಲೇ), ನಮ್ಮ ಮನೆ ಇದ್ದದ್ದು ಲೈನಿನ ಕೊನೇ ಕಂಬದಲ್ಲಿ. ಸಂಜೆ ಏಳು ಗಂಟೆಗೆ ಬಲ್ಬಿನೊಳಗಿನ ತಂತಿ ಕೆಂಡದ ಹಾಗೆ ಕೆಂಪಗೆ ಕಾಣೋದು. ಅದನ್ನು ನೋಡಬಹುದಿತ್ತು, ಅದರ ಬೆಳಕಲ್ಲಿ ಓದೋಕೆ ಆಗ್ತಿರಲಿಲ್ಲ. ರಾತ್ರಿ ಹತ್ತೂವರೆ ದಾಟಿ ಊರೆಲ್ಲ ಮಲಗಿದ ಮೇಲೆ ಅದೇ ಬಲ್ಬು ಝಗ್ಗನೆ ಉರಿಯೋದು. ಅಪ್ಪ ಕೇಳಿದರೆ ಲೈನ್‌ಮ್ಯಾನ್ ಹೇಳ್ತಿದ್ದದ್ದು ಒಂದೇ ಮಾತು: "ನಿಮ್ದು ಕೊನೇ ಕಂಬ ಕಣಣ್ಣ, ಇಷ್ಟೇ ಬರೋದು."

ಇದೇ ಮಾತನ್ನು ಮೊದಲು ಅಳೆದು ತೋರಿಸಿದವನು ಜಾರ್ಜ್ ಸೈಮನ್ ಓಮ್. 1789ರಲ್ಲಿ ಜರ್ಮನಿಯ ಎರ್ಲಾಂಗೆನ್‌ನಲ್ಲಿ ಹುಟ್ಟಿದವನು. ಅಪ್ಪ ಬೀಗ ಮಾಡುವ ಕಸುಬಿನವನು. ಸ್ವಂತವಾಗಿ ಗಣಿತ ಕಲಿತು ಮಕ್ಕಳಿಗೂ ತಾನೇ ಹೇಳಿಕೊಟ್ಟ. ಓಮ್ ಕಲೋನ್ ನಗರದ ಒಂದು ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದಾಗ ಬಿಡುವಿನ ಹೊತ್ತಿನಲ್ಲಿ ಶಾಲೆಯ ಲ್ಯಾಬಿನಲ್ಲಿ ಪ್ರಯೋಗ ಮಾಡುತ್ತಿದ್ದ. ಆಗಿನ ಬ್ಯಾಟರಿಗಳು ಒಂದು ನಿಮಿಷ ಇದ್ದ ಹಾಗೆ ಇನ್ನೊಂದು ನಿಮಿಷ ಇರುತ್ತಿರಲಿಲ್ಲ. ಪೊಗೆನ್‌ಡಾರ್ಫ್ ಎಂಬ ವಿಜ್ಞಾನಿಯ ಸಲಹೆಯಂತೆ ಓಮ್ ಬ್ಯಾಟರಿ ಬಿಟ್ಟು ಬೇರೆ ದಾರಿ ಹಿಡಿದ. ಬಿಸ್ಮತ್ ಮತ್ತು ತಾಮ್ರವನ್ನು ಜೋಡಿಸಿ, ಒಂದು ಕೂಡುಜಾಗವನ್ನು ಕುದಿಯೋ ನೀರಿನಲ್ಲಿ, ಇನ್ನೊಂದನ್ನು ಮಂಜುಗಡ್ಡೆಯಲ್ಲಿ ಇಟ್ಟರೆ ಸಣ್ಣದಾದರೂ ಏರಿಳಿತವಿಲ್ಲದ ಕರೆಂಟು ಹುಟ್ಟುತ್ತದೆ. ಅದಕ್ಕೆ ಒಂದೇ ದಪ್ಪದ, ಬೇರೆ ಬೇರೆ ಉದ್ದದ ಎಂಟು ತಾಮ್ರದ ತಂತಿಗಳನ್ನು ಒಂದಾದ ಮೇಲೊಂದು ಸಿಕ್ಕಿಸಿದ. ತೂಗುಹಾಕಿದ ಅಯಸ್ಕಾಂತದ ಸೂಜಿ ಎಷ್ಟು ತಿರುಗುತ್ತದೆ ಅಂತ ನೋಡಿ ಬರೆದುಕೊಂಡ. ತಂತಿ ಉದ್ದವಾದಷ್ಟೂ ಸೂಜಿ ಕಡಿಮೆ ತಿರುಗಿತು, ಅದೂ ಒಂದು ಖಚಿತ ಲೆಕ್ಕದಲ್ಲಿ. ಅಂದರೆ ಓಮ್ ಅಳೆದದ್ದು ಪುಸ್ತಕದ ಅಂಕುಡೊಂಕು ಗೆರೆಯನ್ನಲ್ಲ, ತಂತಿಯ ಉದ್ದವನ್ನು.

1827ರಲ್ಲಿ ಇದನ್ನೆಲ್ಲ ಪುಸ್ತಕವಾಗಿ ಪ್ರಕಟಿಸಿದ. ಜರ್ಮನಿಯಲ್ಲಿ ಯಾರೂ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಓಮ್ ಕಲೋನ್‌ನ ಕೆಲಸ ಬಿಟ್ಟ. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲೆ ಪದಕ ಕೊಟ್ಟಿತು. ಮ್ಯೂನಿಕ್‌ನಲ್ಲಿ ಪ್ರೊಫೆಸರ್ ಹುದ್ದೆ ಸಿಕ್ಕಿದ್ದು 1852ರಲ್ಲಿ, ತೀರಿಕೊಂಡದ್ದು 1854ರಲ್ಲಿ. ರೋಧದ ಮಾನಕ್ಕೆ ಅವನ ಹೆಸರನ್ನು ಇಟ್ಟುಕೊಳ್ಳೋಣ ಅಂತ 1881ರ ಪ್ಯಾರಿಸ್ ಸಮ್ಮೇಳನ ಒಪ್ಪಿತು.

ಅವನಿಗಿಂತ ಮುಂಚೆ, 1781ರ ಸುಮಾರಿಗೆ, ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಶ್ ಇದರ ಹತ್ತಿರಕ್ಕೆ ಬಂದಿದ್ದ. ಅವನ ಹತ್ತಿರ ಸೂಜಿಯೂ ಇರಲಿಲ್ಲ. ಉಪ್ಪುನೀರಿನ ಕೊಳವೆಗಳ ಮೂಲಕ ತನ್ನ ಮೈಗೇ ಶಾಕ್ ಕೊಟ್ಟುಕೊಂಡು, ಯಾವುದು ಜೋರು, ಯಾವುದು ಕಮ್ಮಿ ಅಂತ ಹೋಲಿಸಿದ. ಬರೆದಿಟ್ಟ, ಆದರೆ ಪ್ರಕಟಿಸಲಿಲ್ಲ. ಸುಮಾರು ನೂರು ವರ್ಷದ ನಂತರ, 1879ರಲ್ಲಿ ಮ್ಯಾಕ್ಸ್‌ವೆಲ್ ಆ ಟಿಪ್ಪಣಿಗಳನ್ನು ಅಚ್ಚು ಹಾಕಿಸಿದ. ಡಾಕ್ಯುಮೆಂಟೇಶನ್ ಬರೆಯದ ಸಹೋದ್ಯೋಗಿಗಳಿಗೆ ನಾನು ಈ ಕತೆ ಹೇಳುವುದುಂಟು.

ಈಗ ನಮ್ಮ ಕೊನೇ ಕಂಬದ ಲೆಕ್ಕ. ಕರೆಂಟು ಅಂದರೆ ತಂತಿಯ ಒಂದು ಜಾಗವನ್ನು ಸೆಕೆಂಡಿಗೆ ಎಷ್ಟು ವಿದ್ಯುದಂಶ ದಾಟುತ್ತದೆ ಅನ್ನೋದು, ಅಷ್ಟೇ. ಅದರ ಅಳತೆ ಆಂಪಿಯರ್. ಬಲ್ಬು ಕರೆಂಟನ್ನು ತಿಂದುಬಿಡುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಹಾಗಲ್ಲ, ಒಂದು ತಂತಿಯಲ್ಲಿ ಎಷ್ಟು ಬಂತೋ ಅಷ್ಟೇ ಇನ್ನೊಂದರಲ್ಲಿ ವಾಪಸ್ ಹೋಗುತ್ತದೆ. ದಾರಿಯುದ್ದಕ್ಕೂ ಕರಗುವುದು ವೋಲ್ಟೇಜು, ಅಂದರೆ ಹಿಂದಿನಿಂದ ನೂಕುವ ಒತ್ತಡ. ನಲ್ಲಿಯನ್ನು ನೆನೆಸಿಕೊಳ್ಳಿ. ಟ್ಯಾಂಕಿನ ಹತ್ತಿರದ ಮನೆಯಲ್ಲಿ ನೀರು ಜೋರಾಗಿ ಬರುತ್ತದೆ, ಸಣ್ಣ ಪೈಪಿನ ಕೊನೆಯ ಮನೆಯಲ್ಲಿ ತೊಟ್ಟಿಕ್ಕುತ್ತದೆ. ಊರಿನವರೆಲ್ಲ ನಲ್ಲಿ ನಿಲ್ಲಿಸಿದ ಮೇಲೆ ಅಲ್ಲೂ ಜೋರಾಗುತ್ತದೆ.

ಹಳ್ಳಿಯ ಲೈನಿನಲ್ಲಿ ಎಳೆಯುವ ಅಲ್ಯೂಮಿನಿಯಂ ತಂತಿಗೆ ಕಿಲೋಮೀಟರಿಗೆ ಸುಮಾರು 1 ಓಮ್ ರೋಧ ಅಂತ ಇಟ್ಟುಕೊಳ್ಳಿ. ಒಂದು ಕಿಲೋಮೀಟರ್ ಹೋಗಿ ಬರಲು 2 ಓಮ್. ಸಂಜೆ ಎಲ್ಲರ ಮನೆಯ ದೀಪ, ಟಿ.ವಿ., ಮೋಟರು ಸೇರಿ 30 ಆಂಪಿಯರ್ ಎಳೆದರೆ ದಾರಿಯಲ್ಲೇ 60 ವೋಲ್ಟ್ ಹೋಯಿತು. ಟೀಸಿಯಲ್ಲಿ 230 ಇದ್ದದ್ದು ಕೊನೇ ಕಂಬದಲ್ಲಿ 170. (ಎಲ್ಲ ಮನೆಗಳೂ ಕೊನೆಯಲ್ಲೇ ಇರೋದಿಲ್ಲ, ಹಾಗಾಗಿ ನಿಜದ ಲೆಕ್ಕ ಸ್ವಲ್ಪ ಜಟಿಲ. ತತ್ವ ಇದೇ.) 60 ವ್ಯಾಟಿನ ಬಲ್ಬಿಗೆ 170 ವೋಲ್ಟ್ ಕೊಟ್ಟರೆ ಅದು ಎಳೆಯೋ ಶಕ್ತಿ ಇಳಿಯುತ್ತದೆ, ಬೆಳಕು ಇನ್ನೂ ಜೋರಾಗಿ ಇಳಿಯುತ್ತದೆ, ಮೂರನೇ ಒಂದು ಭಾಗದ ಹತ್ತಿರಕ್ಕೆ. ತಂತಿ ಬೆಳ್ಳಗೆ ಕಾಯದೆ ಕೆಂಪಗೆ ಉಳಿಯುತ್ತದೆ. ರಾತ್ರಿ ಹತ್ತೂವರೆಗೆ 5 ಆಂಪಿಯರ್ ಮಾತ್ರ ಹರಿಯುವಾಗ ಕರಗೋದು 10 ವೋಲ್ಟ್, ಬಲ್ಬಿಗೆ 220 ಸಿಗುತ್ತದೆ. ಆಗ ಜಾರಿಯಲ್ಲಿದ್ದ 1956ರ ಭಾರತೀಯ ವಿದ್ಯುತ್ ನಿಯಮಗಳ ಪ್ರಕಾರ ಮನೆಗೆ ಬರುವ ವೋಲ್ಟೇಜು ಶೇಕಡಾ 6ಕ್ಕಿಂತ ಹೆಚ್ಚು ಏರುಪೇರಾಗಬಾರದಿತ್ತು. ಅಂದರೆ 216ಕ್ಕಿಂತ ಕೆಳಗೆ ಹೋಗುವಂತಿರಲಿಲ್ಲ. "ಇಷ್ಟೇ ಬರೋದು" ಅನ್ನೋದು ಭೌತಶಾಸ್ತ್ರದ ಪ್ರಕಾರ ಸರಿ, ಕಾನೂನಿನ ಪ್ರಕಾರ ಅಲ್ಲ. ಇದು ಗೊತ್ತಿದ್ದರೆ ಅಪ್ಪನ ಅರ್ಜಿಗಳ ಧಾಟಿ ಬೇರೆ ಇರುತ್ತಿತ್ತೋ ಏನೋ.

ದೊಡ್ಡ ಮಟ್ಟದಲ್ಲಿ ಈ ಕಷ್ಟವನ್ನು ಮೊದಲೇ ಅನುಭವಿಸಿದವನು ಥಾಮಸ್ ಎಡಿಸನ್. 1882ರಲ್ಲಿ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟಿನಲ್ಲಿ ಅವನು ಶುರು ಮಾಡಿದ ಕೇಂದ್ರ 110 ವೋಲ್ಟಿನ ಡಿ.ಸಿ. ಕರೆಂಟು ಕೊಡುತ್ತಿತ್ತು. ಒಂದೂವರೆ ಕಿಲೋಮೀಟರಿನ ಆಚೆಗೆ ಅದನ್ನು ಕಳಿಸುವುದು ಗಿಟ್ಟುತ್ತಿರಲಿಲ್ಲ. ರೋಧ ತಂತಿಯನ್ನು ಕಾಯಿಸುತ್ತದೆ, ಆ ಶಾಖ ಕರೆಂಟಿನ ವರ್ಗದ ಲೆಕ್ಕದಲ್ಲಿ ಏರುತ್ತದೆ. ಕರೆಂಟು ಎರಡು ಪಟ್ಟಾದರೆ ನಷ್ಟ ನಾಲ್ಕು ಪಟ್ಟು. ತಪ್ಪಿಸಿಕೊಳ್ಳಲು ಇರೋ ದಾರಿ ಎರಡೇ. ಒಂದು, ತಂತಿಯನ್ನು ದಪ್ಪ ಮಾಡಿ ತಾಮ್ರಕ್ಕೆ ದುಡ್ಡು ಸುರಿಯಬೇಕು. ಇನ್ನೊಂದು, ವೋಲ್ಟೇಜನ್ನು ಏರಿಸಿ ಅದೇ ಶಕ್ತಿಯನ್ನು ಕಡಿಮೆ ಕರೆಂಟಿನಲ್ಲಿ ಕಳಿಸಬೇಕು. ಆ ಕಾಲದಲ್ಲಿ ಎ.ಸಿ. ಕರೆಂಟಿನಲ್ಲಿ ಮಾತ್ರ ಟ್ರಾನ್ಸ್‌ಫಾರ್ಮರ್ ಇಟ್ಟು ವೋಲ್ಟೇಜನ್ನು ಸುಲಭವಾಗಿ ಏರಿಸಿ ಇಳಿಸಬಹುದಿತ್ತು. ಎಡಿಸನ್ ಸೋತದ್ದು ಇಲ್ಲಿ.

ಈ ಎರಡನೇ ದಾರಿಯನ್ನು ಮೈಸೂರು ಸಂಸ್ಥಾನ ಎಷ್ಟು ಬೇಗ ಹಿಡಿಯಿತು ಅನ್ನೋದು ನನಗೆ ಈಗಲೂ ಅಚ್ಚರಿ. ಕಾವೇರಿಯ ಶಿವನಸಮುದ್ರದಲ್ಲಿ ನೀರು ಬೀಳುತ್ತದೆ. ಶಕ್ತಿ ಬೇಕಾಗಿರೋದು ಕೋಲಾರದ ಚಿನ್ನದ ಗಣಿಗೆ. ನಡುವೆ 147 ಕಿಲೋಮೀಟರ್. ದಿವಾನ್ ಶೇಷಾದ್ರಿ ಅಯ್ಯರ್ ಯೋಜನೆಯ ಬೆನ್ನಿಗೆ ನಿಂತರು. ಸಂಸ್ಥಾನದ ಇಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯರ್ ಅಮೆರಿಕ, ಯುರೋಪು ಸುತ್ತಿ ಅಲ್ಲಿನ ಕೇಂದ್ರಗಳನ್ನು ನೋಡಿ ಬಂದರು. ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಿಂದ, ಟರ್ಬೈನುಗಳು ಸ್ವಿಟ್ಜರ್ಲೆಂಡಿನ ಎಷರ್ ವಿಸ್‌ನಿಂದ ಬಂದವು. ಎತ್ತಿನ ಗಾಡಿಗಳೂ ಆನೆಗಳೂ ಅವನ್ನು ಹೊತ್ತು ಎಳೆದು ತಂದವು. 1902ರ ಜೂನ್ 30ಕ್ಕೆ ಲೈನು ಚಾಲೂ ಆಯಿತು. ಶೇಷಾದ್ರಿ ಅಯ್ಯರ್ ಅದನ್ನು ನೋಡಲಿಲ್ಲ, ಹಿಂದಿನ ವರ್ಷ ಸೆಪ್ಟೆಂಬರಿನಲ್ಲೇ ತೀರಿಕೊಂಡಿದ್ದರು.

ಮೊದಲ ಹಂತದಲ್ಲಿ ಇದ್ದದ್ದು 720 ಕಿಲೋವ್ಯಾಟಿನ ಆರು ಯಂತ್ರಗಳು. ಒಟ್ಟು 4,320 ಕಿಲೋವ್ಯಾಟ್. ಮೂರು ಫೇಸಿನ ಸೂಕ್ಷ್ಮ ಬಿಟ್ಟು ಹೈಸ್ಕೂಲಿನ ಲೆಕ್ಕವನ್ನೇ ಹಾಕೋಣ. ಇಷ್ಟನ್ನೂ 230 ವೋಲ್ಟಿನಲ್ಲಿ ಕಳಿಸಿದ್ದರೆ ಸುಮಾರು 18,800 ಆಂಪಿಯರ್ ಹರಿಯಬೇಕಿತ್ತು. ಅವರು ಕಳಿಸಿದ್ದು ಸುಮಾರು 35,000 ವೋಲ್ಟಿನಲ್ಲಿ, ಹಾಗಾಗಿ ಬೇಕಾದದ್ದು 123 ಆಂಪಿಯರ್. ಕರೆಂಟು 152 ಪಟ್ಟು ಕಡಿಮೆ. ಅದೇ ತಂತಿಯಲ್ಲಿ ಶಾಖದ ನಷ್ಟ 152ರ ವರ್ಗದಷ್ಟು, ಅಂದರೆ 23,000 ಪಟ್ಟು ಕಡಿಮೆ. ಕಾವೇರಿಯ ಕರೆಂಟು ಕೋಲಾರ ಮುಟ್ಟಿದ್ದು ಈ ಗುಣಾಕಾರದ ಬಲದಿಂದ.

ಪ್ರತಿ ರಾಜ್ಯೋತ್ಸವಕ್ಕೆ ವಾಟ್ಸಾಪಿನಲ್ಲಿ "ಏಷ್ಯಾದ ಮೊಟ್ಟಮೊದಲ ಜಲವಿದ್ಯುತ್ ಕೇಂದ್ರ" ಅಂತ ಒಂದು ಚಿತ್ರ ಬರುತ್ತದೆ. ಅಲ್ಲ. ಡಾರ್ಜಿಲಿಂಗ್ ಹತ್ತಿರದ ಸಿದ್ರಾಪೊಂಗ್ 1897ರದ್ದು, ಜಪಾನಿನ ಕ್ಯೋಟೊದ್ದು ಅದಕ್ಕಿಂತಲೂ ಹಳೆಯದು. ಜಗತ್ತಿನ ಅತಿ ಉದ್ದದ ಲೈನು ಅನ್ನೋದೂ ಅನುಮಾನ, ಕ್ಯಾಲಿಫೋರ್ನಿಯಾದಲ್ಲಿ 1901ರಲ್ಲೇ ಇನ್ನೂ ಉದ್ದದ್ದು ಇತ್ತು. ಸುಳ್ಳು ಬಿರುದು ಯಾಕೆ ಬೇಕು? ಸೈಕಲ್ಲೇ ಅಪರೂಪವಾಗಿದ್ದ ಕಾಲದಲ್ಲಿ ಕಾಡು, ಬಂಡೆ, ಹೊಲದ ಮೇಲೆ 147 ಕಿಲೋಮೀಟರ್ ತಂತಿ ಎಳೆದು ಗಣಿ ನಡೆಸಿದ್ದು ಸಾಲದೇ?

ನನಗೆ ಕಾಡುವ ಪ್ರಶ್ನೆ ಬೇರೆ. ಮೊದಲು ಚಿನ್ನದ ಗಣಿ. ಮೂರು ವರ್ಷದ ನಂತರ, 1905ರ ಆಗಸ್ಟ್ 5ಕ್ಕೆ, ಬೆಂಗಳೂರಿನ ಬೀದಿದೀಪ. 1908ರಲ್ಲಿ ಮೈಸೂರು ನಗರ. ಲೈನು ಹಾದುಹೋದದ್ದು ಮಾತ್ರ ಹಳ್ಳಿಗಳ ಹೊಲಗಳ ಮೇಲೆ. ತಲೆಯ ಮೇಲೆ 35,000 ವೋಲ್ಟು, ಕೆಳಗೆ ಸೀಮೆಎಣ್ಣೆ ಬುಡ್ಡಿ. ಇದರಲ್ಲಿ ಬರೀ ದುರುದ್ದೇಶ ಹುಡುಕಬೇಕಾಗಿಲ್ಲ. ಹೈ ವೋಲ್ಟೇಜನ್ನು ನಡುದಾರಿಯಲ್ಲಿ ಇಳಿಸಬೇಕಾದರೆ ಅಲ್ಲೊಂದು ಸಬ್‌ಸ್ಟೇಷನ್ ಬೇಕು, ಹತ್ತು ಬಲ್ಬಿನ ಊರಿಗೆ ಅಷ್ಟು ಖರ್ಚನ್ನು ಯಾರು ಹಾಕುತ್ತಾರೆ? ದೂರದ ರೋಧವನ್ನು ದುಡ್ಡಿರುವವರು ಗೆಲ್ಲಬಹುದು ಅನ್ನೋದು 1902ರಲ್ಲೇ ತೀರ್ಮಾನವಾಗಿತ್ತು. ದುಡ್ಡಿಲ್ಲದ ಕಡೆ ಏನು ಅನ್ನೋದಕ್ಕೆ ಉತ್ತರ ದಶಕಗಟ್ಟಲೆ ಬರಲಿಲ್ಲ. 1948ರಲ್ಲಿ ಜೋಗದ ಕೇಂದ್ರ, ಅರವತ್ತರ ದಶಕದಲ್ಲಿ ಶರಾವತಿ. ಉತ್ಪಾದನೆ ಏರಿತು, ಕಂಬಗಳು ಹಳ್ಳಿ ಮುಟ್ಟಿದವು, ಭಾಗ್ಯಜ್ಯೋತಿಯಲ್ಲಿ ಬಡವರ ಮನೆಗೂ ಒಂದು ಬಲ್ಬು ಬಂತು. ಕಾಗದದಲ್ಲಿ ಊರು "ವಿದ್ಯುದೀಕರಣ" ಆಯಿತು. ಆದರೆ ಒಂದೇ ಟೀಸಿ ಇಟ್ಟು, ಅಲ್ಲಿಂದ ಕಡಿಮೆ ವೋಲ್ಟಿನ ತೆಳು ತಂತಿಯನ್ನು ಮನೆಯಿಂದ ಮನೆಗೆ ಎಳೆಯುತ್ತಾ ಹೋದರು. ಒಂದು ರೀತಿಯಲ್ಲಿ ಪ್ರತಿ ಹಳ್ಳಿಯಲ್ಲೂ ಎಡಿಸನ್‌ನ ಪರ್ಲ್ ಸ್ಟ್ರೀಟನ್ನು ಮತ್ತೆ ಕಟ್ಟಿದ ಹಾಗೆ. ಅದರ ಮೇಲೆ ಪಂಪ್‌ಸೆಟ್ಟುಗಳು ಬಂದವು. ಅರಸೀಕೆರೆ ಸೀಮೆಯ ತೆಂಗಿನ ತೋಟಗಳಲ್ಲಿ ಬೋರ್‌ವೆಲ್ ಆಳಕ್ಕೆ ಇಳಿದಷ್ಟೂ ಮೋಟರಿನ ಹಾರ್ಸ್‌ಪವರ್ ಏರಿತು, ಕರೆಂಟು ಏರಿತು, ಕೊನೇ ಕಂಬದ ವೋಲ್ಟೇಜು ಇಳಿಯಿತು. ವೋಲ್ಟೇಜು ಇಳಿದರೆ ಮೋಟರು ಇನ್ನೂ ಹೆಚ್ಚು ಕರೆಂಟು ಎಳೆಯುತ್ತದೆ, ಒಳಗಿನ ಸುರುಳಿ ಕಾದು ಸುಟ್ಟುಹೋಗುತ್ತದೆ. ಬಲ್ಬು ಮಂಕಾದರೆ ಕಣ್ಣಿಗೆ ಕಷ್ಟ. ಮೋಟರು ಸುಟ್ಟರೆ ರೀವೈಂಡಿಂಗ್‌ಗೆ ಆ ತಿಂಗಳ ಸಾಲ, ಗಿಡಕ್ಕೆ ನೀರಿಲ್ಲದ ವಾರ.

ಪರಿಹಾರ ಹೊಸದೇನಲ್ಲ. 11,000 ವೋಲ್ಟಿನ ಲೈನನ್ನೇ ಮನೆಗಳ ಹತ್ತಿರದವರೆಗೆ ತಂದು, ದೊಡ್ಡ ಟೀಸಿ ಒಂದರ ಬದಲು ಸಣ್ಣವನ್ನು ಅಲ್ಲಲ್ಲಿ ಕೂರಿಸೋದು. ಹಿಂದೆ ಹೇಳಿದ ಅದೇ 30 ಆಂಪಿಯರಿನ ಹೊರೆ 11,000 ವೋಲ್ಟಿನಲ್ಲಿ ಬಂದರೆ ಹರಿಯೋದು ಮುಕ್ಕಾಲು ಆಂಪಿಯರಿಗಿಂತ ಕಡಿಮೆ. ಆ 2 ಓಮ್ ತಂತಿಯಲ್ಲಿ ಕರಗೋದು ಒಂದೂವರೆ ವೋಲ್ಟೂ ಇಲ್ಲ. ಶಿವನಸಮುದ್ರದ ಲೆಕ್ಕವೇ, ಹಳ್ಳಿಯ ಅಳತೆಗೆ. ಆಮೇಲೆ ನಿರಂತರ ಜ್ಯೋತಿ ಯೋಜನೆಯಲ್ಲಿ ಮನೆಗಳ ಲೈನನ್ನು ಪಂಪ್‌ಸೆಟ್ಟಿನ ಲೈನಿನಿಂದ ಬೇರೆ ಮಾಡಿದರು. ಮಾಡಿದ ಕಡೆ ಸಂಜೆಯ ಬೆಳಕು ಬದಲಾಯಿತು. ನಮ್ಮ ಕೊನೇ ಕಂಬದ ಹತ್ತಿರಕ್ಕೂ ಒಂದು ಸಣ್ಣ ಟೀಸಿ ಬಂದಿದೆ, ನಾನು ಇಂಜಿನಿಯರಿಂಗ್ ಮುಗಿಸಿ ಊರು ಬಿಟ್ಟ ಮೇಲೆ.

ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಎರಡು ವರ್ಷದ ನಂತರ, 2003ರಲ್ಲಿ, ಕೋಲಾರಕ್ಕೆ ಇನ್ನೊಂದು ಉದ್ದದ ಲೈನು ಬಂತು. ಒಡಿಶಾದ ತಾಲ್ಚೇರ್‌ನಿಂದ ಸುಮಾರು 1,400 ಕಿಲೋಮೀಟರ್, 2,000 ಮೆಗಾವ್ಯಾಟ್, ನೆಲಕ್ಕೆ ಹೋಲಿಸಿದರೆ ಒಂದು ತಂತಿಯಲ್ಲಿ 5 ಲಕ್ಷ ವೋಲ್ಟ್ ಮೇಲಕ್ಕೆ, ಇನ್ನೊಂದರಲ್ಲಿ 5 ಲಕ್ಷ ಕೆಳಕ್ಕೆ. ಈ ಸಲ ಅದು ಎ.ಸಿ. ಅಲ್ಲ, ಡಿ.ಸಿ. ಅಷ್ಟು ದೂರಕ್ಕೆ ಎ.ಸಿ.ಗಿಂತ ಡಿ.ಸಿ.ಯಲ್ಲೇ ನಷ್ಟ ಕಡಿಮೆ. ಎಡಿಸನ್‌ನಿಂದ ಆಗದ ವೋಲ್ಟೇಜ್ ಏರಿಳಿಕೆಯನ್ನು ಈಗ ಅರೆವಾಹಕಗಳ ಸಾಧನಗಳು ಮಾಡಿಕೊಡುತ್ತವೆ. ನಮ್ಮ ಆಫೀಸಿನ ಲ್ಯಾಪ್‌ಟಾಪುಗಳಿಗೆ ಬರುವ ಕರೆಂಟಿನಲ್ಲೂ ಅದರ ಒಂದು ಪಾಲು ಇರುತ್ತದೆ.